ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು

ಕೊಳ್ಳೇಗಾಲ ಸೀಮೆಯ ಹಳೆಯ ಮನೆಗಳಲ್ಲಿ ಟ್ರಂಕಿನ ತಳದಿಂದ ಕ್ರಯಪತ್ರ, ಪಾಲುಪತ್ರಗಳನ್ನು ತೆಗೆದು ಬಿಚ್ಚಿದರೆ, ಈಗಿನ ಹುಡುಗರನ್ನು ತಬ್ಬಿಬ್ಬು ಮಾಡುವ ವಿಳಾಸ ಶುರುವಿನಲ್ಲೇ ಕಣ್ಣಿಗೆ ಬೀಳುತ್ತದೆ: ಮದ್ರಾಸ್ ಪ್ರಾಂತ್ಯ, ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. ಊರು ಅದೇ, ಹೊಲ ಅದೇ, ಮಾತು ಕನ್ನಡವೇ. ಆದರೆ ಕಂದಾಯ ಕಟ್ಟಿದ್ದು, ಕೋರ್ಟಿನ ಮೇಲ್ಮನವಿಗೆ ಅಲೆದದ್ದು, ಕಲೆಕ್ಟರಿಗೆ ಅರ್ಜಿ ಬರೆದದ್ದು ಎಲ್ಲವೂ ಬೆಟ್ಟ ಇಳಿದು ಹೋಗಬೇಕಾದ ಕೊಯಮತ್ತೂರಿಗೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾಯಿತು. ಅಷ್ಟರಲ್ಲಿ ಒಂದೂವರೆ ಶತಮಾನದ ಹುಟ್ಟು, ಮದುವೆ, ಸಾವು, ವ್ಯಾಜ್ಯಗಳ ಲೆಕ್ಕ ಬೇರೊಂದು ಜಿಲ್ಲೆಯ ಹೆಸರಿನಲ್ಲಿ ಬರೆದು ಮುಗಿದಿತ್ತು.

ಮುತ್ತಜ್ಜ ಎಲ್ಲಿ ತೀರಿಕೊಂಡರು ಎಂಬ ಪ್ರಶ್ನೆ ಈ ಕಡೆಯ ಮನೆಗಳಲ್ಲಿ ಒಂದಲ್ಲ ಒಂದು ದಿನ ಏಳುತ್ತದೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಏಳುತ್ತದೆ, ಜಮೀನಿನ ಪೌತಿ ಖಾತೆಗೆ ಮರಣಪತ್ರ ಕೇಳಿದಾಗ ಏಳುತ್ತದೆ. ‘ಕೊಯಮತ್ತೂರಿನ ಕಡೆ ಹೋಗಿದ್ದರು, ಅಲ್ಲೇ ಹೋಗಿಬಿಟ್ಟರಂತೆ’ ಎಂಬಲ್ಲಿಗೆ ಮನೆಯ ನೆನಪು ನಿಂತುಬಿಡುತ್ತದೆ. ಆ ‘ಕಡೆ’ ಎಂಬುದು ಯಾವ ಊರು, ಯಾವ ತಾಲ್ಲೂಕು? ಹುಡುಕಾಟ ಶುರುವಾಗುವುದು ಇಲ್ಲಿಂದ. ಹುಡುಕುವವರು ಮೊದಲು ಕಲಿಯಬೇಕಾದ ಪಾಠ ಒಂದೇ: ಸತ್ತ ಊರನ್ನು ಹುಡುಕುವ ಮುನ್ನ, ಆ ವರ್ಷ ಆ ಊರು ಯಾರ ದಫ್ತರಿಗೆ ಸೇರಿತ್ತು ಎಂಬುದನ್ನು ಹುಡುಕಬೇಕು. ಊರು ಕದಲುವುದಿಲ್ಲ, ದಫ್ತರ ಕದಲುತ್ತದೆ.

ಅದು ಎಷ್ಟು ಸಲ ಕದಲಿದೆ ಎಂಬುದಕ್ಕೆ ಧಾರಾಪುರವೇ ಸಾಕ್ಷಿ. ಅಮರಾವತಿ ನದಿಯ ದಡದ ಈ ಊರು 17ನೇ ಶತಮಾನದ ಉತ್ತರಾರ್ಧದಲ್ಲಿ ಮಧುರೆಯ ನಾಯಕರ ಕೈಯಿಂದ ಮೈಸೂರಿನ ಕೈಗೆ ಬಂತು. ಹೈದರ್, ಟಿಪ್ಪು ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮತ್ತು ಮೈಸೂರಿನ ಸೈನ್ಯ ಸರದಿಯ ಮೇಲೆ ಇದರ ಕೋಟೆ ಹಿಡಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಡೀ ಸೀಮೆ ಕಂಪನಿಗೆ ಹೋಯಿತು. ಮೊದಲು ಉತ್ತರ, ದಕ್ಷಿಣ ಎಂದು ಎರಡು ಭಾಗ ಮಾಡಿ ಆಳಿದ ಕಂಪನಿ ಕೆಲವೇ ವರ್ಷಗಳಲ್ಲಿ ಎರಡನ್ನೂ ಕೂಡಿಸಿ ಕೊಯಮತ್ತೂರು ಜಿಲ್ಲೆ ಮಾಡಿತು. ಧಾರಾಪುರ 1979ರವರೆಗೆ ಆ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಈರೋಡನ್ನು ಕೇಂದ್ರವಾಗಿಟ್ಟುಕೊಂಡು ಪೆರಿಯಾರ್ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ಆದಾಗ ಅದಕ್ಕೆ ಸೇರಿತು. 1975ರಲ್ಲಿ, 1985ರಲ್ಲಿ, 2010ರಲ್ಲಿ ಒಂದೇ ಬೀದಿಯಲ್ಲಿ ತೀರಿಕೊಂಡ ಮೂರು ತಲೆಮಾರಿನವರ ಮರಣಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರು ಇರುತ್ತವೆ.

ತಿರುಪ್ಪೂರಿನದೂ ಇದೇ ಕತೆ. ಇಂದು ಬನಿಯನ್ ಮತ್ತು ಟೀ ಶರ್ಟಿನಿಂದ ಜಗತ್ತಿಗೇ ಗೊತ್ತಾಗಿರುವ ಈ ನಗರ 19ನೇ ಶತಮಾನದ ಕಾಗದಗಳಲ್ಲಿ ಪಲ್ಲಡಂ ತಾಲ್ಲೂಕಿನ ಒಂದು ಊರು ಅಷ್ಟೆ. ಫ್ರೆಡರಿಕ್ ನಿಕಲ್ಸನ್ 1887ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯ ಕಾಲಕ್ಕೆ ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿದ್ದವು: ಕೊಯಮತ್ತೂರು, ಪಲ್ಲಡಂ, ಪೊಳ್ಳಾಚಿ, ಉಡುಮಲೈಪೇಟೆ, ಧಾರಾಪುರ, ಕರೂರು, ಈರೋಡು, ಭವಾನಿ, ಸತ್ಯಮಂಗಲ ಮತ್ತು ಕೊಳ್ಳೇಗಾಲ. ಈ ಪಟ್ಟಿಯಲ್ಲಿ ತಿರುಪ್ಪೂರು ಇಲ್ಲ, ಅವಿನಾಶಿ ಇಲ್ಲ. ಕರೂರು 1910ರಲ್ಲಿ ತಿರುಚಿನಾಪಳ್ಳಿ ಜಿಲ್ಲೆಗೆ ಹೋಯಿತು. ನೀಲಗಿರಿ ಅದಕ್ಕೂ ಮೊದಲೇ, 1868ರಲ್ಲಿ, ಕೊಯಮತ್ತೂರಿನಿಂದ ಬೇರೆಯಾಗಿತ್ತು. ‘ತಿರುಪ್ಪೂರು’ ಎಂಬ ಶೀರ್ಷಿಕೆಯ ಕಟ್ಟಿಗಾಗಿ ಹಳೆಯ ದಾಖಲೆಗಳಲ್ಲಿ ತಡಕುವವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ‘ಪಲ್ಲಡಂ’ ಎಂದು ಕೇಳಿದವರಿಗೆ ಬಾಗಿಲು ತೆರೆಯುತ್ತದೆ.

ಈ ಸೀಮೆಗೂ ಕನ್ನಡಿಗರಿಗೂ ಎಲ್ಲಿಯ ನಂಟು ಎಂದು ಕೇಳುವವರು ಕೊಯಮತ್ತೂರಿನ ರಾಜಬೀದಿಗೆ ಒಮ್ಮೆ ಹೋಗಬೇಕು. ಅಲ್ಲಿರುವ ಚೌಡೇಶ್ವರಿಯ ಗುಡಿ ದೇವಾಂಗರದು. ದಸರೆಯ ಹೊತ್ತಿಗೆ ಕತ್ತಿ ಹಿಡಿದ ಗಂಡಸರು ಅಲಗು ಸೇವೆ ಮಾಡುತ್ತ ದೇವಿಯನ್ನು ಕರೆತರುತ್ತಾರೆ. ಸಿರುಮುಗೈ, ನೆಗಮಂ, ಸೋಮನೂರು, ಪಲ್ಲಡಂ, ಉಡುಮಲೈ ಕಡೆಯ ನೇಕಾರರಲ್ಲಿ ದೇವಾಂಗರು ಬಹಳ. ಅವರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡ. ಅಂಗಡಿಯಲ್ಲಿ ತಮಿಳು, ಮಗ್ಗದ ಗುಂಡಿಯಲ್ಲಿ ಕನ್ನಡ. ಒಕ್ಕಲಿಗರು, ಲಿಂಗಾಯತರು, ಅನುಪ್ಪರು, ಕುರುಬರು ಬೇರೆ ಬೇರೆ ಕಾಲದಲ್ಲಿ ಘಾಟಿ ಇಳಿದು ಬಂದು ನೆಲೆಸಿದವರು. ಕೊಳ್ಳೇಗಾಲದ ರೇಷ್ಮೆ ಮತ್ತು ಸತ್ಯಮಂಗಲದ ಸಂತೆಗಳ ನಡುವೆ ಗಾಡಿ ಹೊಡೆದವರು, ಟಿಪ್ಪುವಿನ ಸೈನ್ಯ ಇಳಿದುಬಂದ ಗಜ್ಜಲಹಟ್ಟಿ ಕಣಿವೆಯಲ್ಲಿ ಎತ್ತು ತೋಲಿದವರು ಇವರ ಪೈಕಿಯೇ. ದಾರಿ ಇದ್ದ ಮೇಲೆ ದಾರಿಯಲ್ಲಿ ಸತ್ತವರೂ ಇದ್ದಾರೆ.

*

ಕಾಗದ ಬರುವ ಮುಂಚೆ ಸಾವಿನ ದಾಖಲೆ ಕಲ್ಲಿನಲ್ಲಿತ್ತು. ಕನ್ನಡದ ವೀರಗಲ್ಲು, ತಮಿಳಿನ ನಡುಗಲ್ಲು ಒಂದೇ ಬಳ್ಳಿಯ ಕಾಯಿಗಳು. ಇಂಥವನು ಇಂಥ ಕಡೆ ಕಾದಿ ಬಿದ್ದ ಎಂದು ಹೇಳುವುದೇ ಅವುಗಳ ಕೆಲಸ. ಆದರೆ ಕಲ್ಲು ನೆಟ್ಟ ಜಾಗ ಬೇರೆ, ಪ್ರಾಣ ಹೋದ ಜಾಗ ಬೇರೆ ಇರಬಹುದು.

ಕೊಯಮತ್ತೂರು ಸೀಮೆಯನ್ನೊಳಗೊಂಡ ಕೊಂಗು ನಾಡನ್ನೂ ಆಳಿದ್ದ ಹೊಯ್ಸಳ ಮೂರನೆಯ ಬಲ್ಲಾಳನ ಸಾವು ಇದಕ್ಕೆ ದೊಡ್ಡ ಉದಾಹರಣೆ. ಮಧುರೆಯ ಸುಲ್ತಾನರ ಮೇಲೆ ಯುದ್ಧಕ್ಕೆ ಹೋಗಿದ್ದ ಮುದಿ ದೊರೆ 1342ರಲ್ಲಿ ಮಡಿದ. ಕನ್ನಡ ನಾಡಿನ ಶಾಸನವೊಂದು ಅವನು ತಿರುಚಿನಾಪಳ್ಳಿಯಲ್ಲಿ ತುರುಕರೊಡನೆ ಕಾದಿ ಬಿದ್ದ ಎನ್ನುತ್ತದೆ. ಸ್ವಲ್ಪವೇ ಕಾಲದ ನಂತರ ಮಧುರೆಗೆ ಬಂದ ಪ್ರವಾಸಿ ಇಬ್ನ್ ಬತೂತ, ಸೆರೆ ಸಿಕ್ಕ ದೊರೆಯನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಕೋಟೆ ಗೋಡೆಗೆ ತೂಗುಹಾಕಿದ್ದನ್ನು ಬರೆದಿದ್ದಾನೆ. ಒಂದು ದಾಖಲೆ ರಣರಂಗವನ್ನು ನೆನೆಯಿತು, ಇನ್ನೊಂದು ಶವಕ್ಕಾದ ಗತಿಯನ್ನು ಕಂಡಿತು. ದೊರೆಯ ವಿಷಯದಲ್ಲೇ ಹೀಗಾದರೆ ಅವನ ಹಿಂದೆ ಹೋದ ಕಾಲಾಳುಗಳ ಮಾತೇನು?

ಹೈದರಾಲಿಯದು ಇನ್ನೊಂದು ಬಗೆ. ಅವನು 1782ರ ಡಿಸೆಂಬರ್ 7ರಂದು ತೀರಿಕೊಂಡದ್ದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ. ಸುದ್ದಿ ಹೊರಬೀಳದಂತೆ ದೇಹವನ್ನು ಕೋಲಾರಕ್ಕೆ ಸಾಗಿಸಿದರು, ಕೊನೆಗೆ ಮಣ್ಣಾದದ್ದು ಶ್ರೀರಂಗಪಟ್ಟಣದ ಗುಂಬಜಿನಲ್ಲಿ. ಗೋರಿ ನೋಡಿ ಸಾವಿನ ಊರು ಹೇಳಿದರೆ ತಪ್ಪಾಗುತ್ತದೆ. ಎಲ್ಲಿ ಸತ್ತರು, ಎಲ್ಲಿ ಹೂತರು ಅಥವಾ ಸುಟ್ಟರು, ಎಲ್ಲಿ ಕಲ್ಲು ನೆಟ್ಟರು ಎಂಬ ಮೂರನ್ನೂ ಬೇರೆ ಬೇರೆ ಪ್ರಶ್ನೆಗಳಾಗಿಯೇ ಕೇಳಬೇಕು.

ಕೊಳ್ಳೇಗಾಲ ಸೀಮೆಯ ಜನ ಈ ವ್ಯತ್ಯಾಸವನ್ನು ಹಾಡಿನಲ್ಲೇ ಕಾಪಾಡಿಕೊಂಡಿದ್ದಾರೆ. ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಗದ್ದುಗೆ, ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆ, ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಎಂದು ನೀಲಗಾರರು ರಾತ್ರಿಯಿಡೀ ಹಾಡುವಾಗ ಯಾರು ಎಲ್ಲಿ ಐಕ್ಯವಾದರು ಎಂಬ ಪಟ್ಟಿ ಪ್ರತಿ ವರ್ಷವೂ ಹೊಸದಾಗುತ್ತದೆ. ಲಿಂಗಾಯತ ಮನೆಗಳಲ್ಲಿ ಹಿರಿಯರ ಸಮಾಧಿ ಹೊಲದ ಮೂಲೆಯಲ್ಲೇ ಇರುತ್ತದೆ. ಹೊಲ ಮಾರಿದರೂ ಸಮಾಧಿಯ ಜಾಗ ಬಿಟ್ಟು ಎಂದು ಪತ್ರದಲ್ಲಿ ಬರೆಸುವ ವಾಡಿಕೆ ಇದೆ. ಸರ್ವೆ ನಂಬರಿನ ಜೊತೆ ಬರುವ ಆ ಒಂದು ಮಾತು, ಮರಣಪತ್ರ ಇಲ್ಲದ ಕಾಲದ ಮರಣಪತ್ರ.

ಕೆಲವು ಊರುಗಳು ಮಾತ್ರ ಯಾವ ಹುಡುಕಾಟಕ್ಕೂ ಸಿಗದ ಕಡೆ ಹೋಗಿವೆ. ಹೊಯ್ಸಳರ ದಂಡನಾಯಕರು ಕಟ್ಟಿದ ದಣಾಯಕನ ಕೋಟೆ ಅಂದಿನ ಕೊಯಮತ್ತೂರು ಜಿಲ್ಲೆಯಲ್ಲಿ, ಭವಾನಿ ನದಿಯ ಪಕ್ಕದಲ್ಲಿತ್ತು. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟು ಮುಗಿದಾಗ ಅದು ನೀರಿನಡಿ ಹೋಯಿತು. ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ಹಳೆಯ ಮಾಧವ ಪೆರುಮಾಳ್ ಗುಡಿ ತಲೆ ತೋರಿಸುತ್ತದೆ. ಆ ಊರಿನ ಸುಡುಗಾಡಿನಲ್ಲಿ ಬೂದಿಯಾದವರ ಮೊಮ್ಮಕ್ಕಳು ದಡದಲ್ಲಿ ನಿಂತು ನೋಡಬಹುದು, ಅಷ್ಟೆ.

*

ಊರು ಮರೆತರೂ ಮನೆಯವರು ಮರೆಯದ ಒಂದು ದಾಖಲೆ ಇದೆ: ತಿಥಿ. ಶ್ರಾದ್ಧ ಮಾಡುವ ಮನೆಯಲ್ಲಿ ಅಜ್ಜಿಗೆ ಇಸವಿ ಗೊತ್ತಿರುವುದಿಲ್ಲ. ಆದರೆ ‘ಭಾದ್ರಪದ ಬಹುಳ ಪಂಚಮಿ’ ಎಂದು ತಟ್ಟನೆ ಹೇಳುತ್ತಾರೆ. ಸಂವತ್ಸರದ ಹೆಸರೂ ಸಿಕ್ಕಿದರೆ ಇಂಗ್ಲಿಷ್ ತಾರೀಖು ಹಿಡಿಯುವುದು ಕಷ್ಟವಲ್ಲ. ಮದ್ರಾಸಿನ ಅಧಿಕಾರಿ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ 1911ರಲ್ಲಿ ಹೊರತಂದ ಕೋಷ್ಟಕಗಳನ್ನು ಶಾಸನತಜ್ಞರು ಬಳಸುವುದು ಈ ಕೆಲಸಕ್ಕೇ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಹಾಗಾಗಿ ‘ಧಾತು’ ಎಂದರೆ 1816–17 ಇರಬಹುದು, 1876–77 ಇರಬಹುದು, 1936–37 ಇರಬಹುದು. ಯಾರ ಮಗ, ಯಾರ ಅಳಿಯ ಎಂಬ ತಲೆಮಾರಿನ ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಉಳಿಯುತ್ತದೆ.

ಇಲ್ಲಿ ಕನ್ನಡಿಗರು ಎಡವುವ ಒಂದು ಜಾಗವಿದೆ. ನಮ್ಮದು ಚಾಂದ್ರಮಾನ, ಕೊಂಗು ನಾಡಿನದು ಸೌರಮಾನ. ನಮ್ಮ ಸಂವತ್ಸರ ಯುಗಾದಿಯಂದು ಬದಲಾಗುತ್ತದೆ, ಅವರದು ಏಪ್ರಿಲ್ ನಡುವಿನ ಚಿತ್ತಿರೈ ಒಂದರಂದು. ಈ ಎರಡು ದಿನಗಳ ನಡುವೆ ಸತ್ತವರಿಗೆ ಘಾಟಿಯ ಮೇಲೊಂದು ಸಂವತ್ಸರ, ಘಾಟಿಯ ಕೆಳಗೊಂದು ಸಂವತ್ಸರ. ನಮ್ಮ ಶ್ರಾವಣವೇ ಅವರ ಆವಣಿ ಎಂದು ಕಿವಿಗೆ ಕೇಳಿದ್ದನ್ನು ನಂಬಿದರೆ ದಿನಗಳೇ ಜಾರಿಹೋಗುತ್ತವೆ.

ದಿನಗಳು ಹೇಗೆ ಜಾರುತ್ತವೆ ಎಂಬುದನ್ನು ಕಾಂಗೇಯಂ ಸೀಮೆಯ ಧೀರನ್ ಚಿನ್ನಮಲೈ ಕತೆಯಲ್ಲಿ ಹತ್ತಿರದಿಂದ ನೋಡಬಹುದು. ಟಿಪ್ಪುವಿನ ಪರ ಕಂಪನಿಯ ವಿರುದ್ಧ ಕಾದಿದ, ಟಿಪ್ಪು ಮಡಿದ ಮೇಲೂ ಶರಣಾಗದ ಈ ಪಾಳೆಯಗಾರನನ್ನು ಸಂಕಗಿರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಇತಿಹಾಸದ ಪುಸ್ತಕಗಳು ಕೊಡುವ ದಿನ 1805ರ ಜುಲೈ 31. ಜನ ಅವನನ್ನು ನೆನೆಯುವುದು ತಮಿಳು ತಿಂಗಳಾದ ಆಡಿಯ 18ರಂದು, ಹೊಳೆಗೆ ಹೊಸ ನೀರು ಬಂದ ಸಂಭ್ರಮದ ಆಡಿ ಪೆರುಕ್ಕಿನ ದಿನ. ಈಗ ಅದು ಬೀಳುವುದು ಆಗಸ್ಟ್ 2 ಅಥವಾ 3ಕ್ಕೆ. ಹಾಗಾದರೆ ಪುಸ್ತಕ ಸರಿಯೋ ಜನ ಸರಿಯೋ? ಸೌರಮಾನದ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 23 ನಿಮಿಷ ಉದ್ದ. 200 ವರ್ಷ ದಾಟುವಷ್ಟರಲ್ಲಿ ಅದು ಮೂರು ದಿನಕ್ಕೂ ಮಿಕ್ಕಿ ಮುಂದೆ ಸರಿಯುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದರೆ 1805ರಲ್ಲಿ ಆಡಿ 18 ಬಂದದ್ದು ಜುಲೈ 31ರ ಹೊತ್ತಿಗೇ. ಪುಸ್ತಕವೂ ಸರಿ, ಜನರೂ ಸರಿ. ಮನೆಯ ತಿಥಿಗೂ ಸರ್ಕಾರದ ತಾರೀಖಿಗೂ ಹೊಂದಾಣಿಕೆ ಆಗದಾಗ ಅಜ್ಜಿಯ ಮಾತನ್ನು ತಳ್ಳಿಹಾಕುವ ಮುನ್ನ ಈ ಲೆಕ್ಕವನ್ನೊಮ್ಮೆ ಹಾಕಿನೋಡುವುದು ಒಳ್ಳೆಯದು.

*

ಮದ್ರಾಸ್ ಪ್ರಾಂತ್ಯದಲ್ಲಿ ಜನನ ಮರಣಗಳನ್ನು ಬರೆಸುವ ಕಾಯ್ದೆ 1899ರಲ್ಲಿ ಬಂತು. ಹಳ್ಳಿಯಲ್ಲಿ ಈ ಕೆಲಸ ಗ್ರಾಮ ಮುನ್ಸೀಫನದು. ಕೊಂಗು ನಾಡಿನ ಮಾತಿನಲ್ಲಿ ಮಣಿಯಗಾರ. ಕಂದಾಯ ವಸೂಲಿ ಮಾಡುವ ಕೈಯೇ ಸಾವನ್ನೂ ಬರೆಯುತ್ತಿತ್ತು. ಊರಿನ ತಳವಾರನೋ ತೋಟಿಯೋ ಸುದ್ದಿ ತರುತ್ತಿದ್ದ, ಮಣಿಯಗಾರ ಬರೆದು ತಿಂಗಳ ಲೆಕ್ಕವನ್ನು ತಾಲ್ಲೂಕು ಕಚೇರಿಗೆ ಕಳುಹಿಸುತ್ತಿದ್ದ. ಪಟ್ಟಣಗಳಲ್ಲಿ ಪುರಸಭೆಯ ಹೊಣೆ. ಕೊಯಮತ್ತೂರು ಪುರಸಭೆ 1866ರದು, ತಿರುಪ್ಪೂರಿನದು 1917ರದು. ವಂಶಪಾರಂಪರ್ಯದ ಗ್ರಾಮಾಧಿಕಾರಿಗಳ ಹುದ್ದೆಯನ್ನು ತಮಿಳುನಾಡು 1980ರಲ್ಲಿ ರದ್ದು ಮಾಡಿತು. ಮಣಿಯಗಾರರ ಮನೆಯ ಪಡಸಾಲೆಯಲ್ಲಿದ್ದ ಪುಸ್ತಕಗಳು ಕಚೇರಿಗಳಿಗೆ ಸಾಗಿದ್ದು ಇಂಥ ಬದಲಾವಣೆಗಳ ಜೊತೆಗೇ.

ಅಂಥ ರಿಜಿಸ್ಟರಿನ ಒಂದು ಸಾಲು ಮೊದಲ ನೋಟಕ್ಕೆ ಬಡಕಲು. ಸತ್ತ ತಾರೀಖು, ಹೆಸರು, ತಂದೆ ಅಥವಾ ಗಂಡನ ಹೆಸರು, ಗಂಡೋ ಹೆಣ್ಣೋ, ಜಾತಿ, ವಯಸ್ಸು, ಕಸುಬು, ಸಾವಿನ ಕಾರಣ, ತಿಳಿಸಿದವರು. ವಯಸ್ಸು ಬಹುಮಟ್ಟಿಗೆ 40, 50, 60 ಎಂದು ದುಂಡಾಗಿರುತ್ತದೆ. ಅದು ಬರೆದವನ ಅಂದಾಜು. ಕಾರಣದ ಕಲಮಿನಲ್ಲಿ ವಾಂತಿಭೇದಿ, ಸಿಡುಬು, ಜ್ವರ, ಹೊಟ್ಟೆಜಾಡ್ಯ, ಗಾಯ, ಇತರೆ ಎಂಬ ಕೆಲವೇ ಪದಗಳು. ಮಲೇರಿಯಾ ಆಗಿರಲಿ, ಟೈಫಾಯಿಡ್ ಆಗಿರಲಿ, ಬಾಣಂತಿಯ ನಂಜಾಗಿರಲಿ, ಎಲ್ಲವೂ ‘ಜ್ವರ’. ಹುಡುಕುವವರ ಕಣ್ಣು ಸಾಮಾನ್ಯವಾಗಿ ಹೆಸರಿನ ಮೇಲೆ ನಿಲ್ಲುತ್ತದೆ. ನಿಲ್ಲಬೇಕಾದದ್ದು ಕೊನೆಯ ಕಲಮಿನ ಮೇಲೆ. ತಿಳಿಸಿದವನು ಮಗನಾದರೆ ಮನೆಯಲ್ಲೇ ಆದ ಸಾವು. ತಿಳಿಸಿದವನು ಛತ್ರದ ಪಾರುಪತ್ಯಗಾರನೋ ಊರಿನ ತಳವಾರನೋ ಆಗಿದ್ದರೆ ಅದು ದಾರಿಯ ಸಾವು ಇರಬಹುದು. ಆಗ ಬರೆದ ಹೆಸರೂ ಆ ಅಪರಿಚಿತನ ಕಿವಿಗೆ ಬಿದ್ದಂತೆ ಇರುತ್ತದೆ.

ಹೆಸರಿನದೇ ಒಂದು ದೊಡ್ಡ ತೊಡಕು. ತಮಿಳಿನಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಕ, ಗ, ಘಗಳಿಗೂ ಒಂದೇ. ತ, ದ, ಧಗಳಿಗೂ ಒಂದೇ. ‘ಬಸವಣ್ಣ’ ತಮಿಳು ಪುಸ್ತಕದಲ್ಲಿ ‘ಪಸವಣ್ಣನ್’ ಆಗಿ ಕೂತಿರುತ್ತಾನೆ. ‘ಗಂಗಮ್ಮ’ನನ್ನು ‘ಕಂಕಮ್ಮಾಳ್’ ಎಂದು ಓದಿ ಪುಟ ತಿರುವಿಬಿಡುವ ಸಾಧ್ಯತೆ ಇದೆ. ಗೌಡರು ಕವುಂಡರಾಗುತ್ತಾರೆ, ಶೆಟ್ಟರು ಚೆಟ್ಟಿಯಾರರಾಗುತ್ತಾರೆ. ಅದೇ ಹೆಸರು ಇಂಗ್ಲಿಷಿಗೆ ಹೋಗಿ ಅಲ್ಲಿಂದ ಕನ್ನಡಕ್ಕೆ ಮರಳಿದರೆ ಮನೆಯವರೇ ಗುರುತಿಸುವುದಿಲ್ಲ. ಕನ್ನಡ ಮಾತ್ರ ಓದುವವರಾಗಲಿ ತಮಿಳು ಮಾತ್ರ ಓದುವವರಾಗಲಿ ಒಬ್ಬರೇ ಈ ಕೆಲಸ ಮಾಡುವುದು ಕಷ್ಟ. ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬರು ಓದಿ ಇನ್ನೊಬ್ಬರು ಕೇಳಿ, ಕಣ್ಣಿಗಿಂತ ಕಿವಿಯಿಂದ ಹುಡುಕಿದರೆ ಬಸವಣ್ಣ ಸಿಗುತ್ತಾನೆ.

ಯಾವ ರಿಜಿಸ್ಟರಿಗೂ ಸೇರದೆ ಹೋದ ಸಾವುಗಳೂ ಇವೆ, ಅವು ಸಾವಿರಗಟ್ಟಲೆ. 1876ರಿಂದ 1878ರವರೆಗಿನ ಬರವನ್ನು ನಾವು ಧಾತು ಈಶ್ವರದ ಬರ ಎನ್ನುತ್ತೇವೆ, ಕೊಂಗು ನಾಡಿನವರು ತಾದು ವರುಷದ ಪಂಜಂ ಎನ್ನುತ್ತಾರೆ. ಸಂವತ್ಸರ ಒಂದೇ, ಹಸಿವೂ ಒಂದೇ. ಮೈಸೂರಿನಿಂದ ಕೂಳು ಹುಡುಕಿ ಕೆಳಗಿಳಿದವರು, ಕೆಳಗಿನಿಂದ ಮೇಲೆ ಹೋದವರು ಅದೇ ಘಾಟಿಗಳಲ್ಲಿ ಎದುರಾದರು. 1871ಕ್ಕಿಂತ 1881ರ ಜನಗಣತಿಯಲ್ಲಿ ಕೊಯಮತ್ತೂರು ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಆ ವರ್ಷಗಳಲ್ಲಿ ಕಾಣೆಯಾದ ಹಿರಿಯರ ಮುಂದೆ ವಂಶವೃಕ್ಷದಲ್ಲಿ ಸಾವಿನ ಜಾಗ ಖಾಲಿ ಇದ್ದರೆ ಅದು ಹುಡುಕಿದವರ ಸೋಲಲ್ಲ. ಆ ಖಾಲಿ ಜಾಗವೇ ಬರದ ದಾಖಲೆ.

20ನೇ ಶತಮಾನದ ಮೊದಲ ದಶಕಗಳಲ್ಲಿ ಪ್ಲೇಗ್ ಬಂತು. ಕೊಯಮತ್ತೂರು ಪಟ್ಟಣವನ್ನು ಅದು ಮತ್ತೆ ಮತ್ತೆ ಹೊಡೆಯಿತು. ಅಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ಭಯದಿಂದ ಹುಟ್ಟಿದವು. ಇಲಿ ಬಿದ್ದ ಕೂಡಲೇ ಜನ ಮನೆಗೆ ಬೀಗ ಹಾಕಿ ಊರಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪಟ್ಟಣದ ನೇಕಾರ ಹೀಗೆ ಪಕ್ಕದ ಹಳ್ಳಿಯ ಎಲ್ಲೆಯಲ್ಲಿ ಸತ್ತರೆ ಅವನ ಹೆಸರು ಪುರಸಭೆಯ ಪುಸ್ತಕಕ್ಕೆ ಬರುವುದಿಲ್ಲ, ಹಳ್ಳಿಯ ಮಣಿಯಗಾರನ ಪುಸ್ತಕಕ್ಕೆ ಹೋಗುತ್ತದೆ. ರಾಜಬೀದಿಯ ಮನೆತನದವರು ಸುತ್ತಲಿನ ಹಳ್ಳಿಗಳ ರಿಜಿಸ್ಟರನ್ನೂ ನೋಡಬೇಕಾದದ್ದು ಇದಕ್ಕಾಗಿ.

*

ಬಿಳಿಯರ ಸಾವುಗಳನ್ನು ಕಂಪನಿ ಹೆಚ್ಚು ಜತನದಿಂದ ಬರೆದಿಟ್ಟಿತು. ಮದ್ರಾಸಿನ ಚರ್ಚುಗಳು ದೀಕ್ಷೆ, ಮದುವೆ, ಶವಸಂಸ್ಕಾರಗಳ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸುತ್ತಿದ್ದವು, ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ 1905ರಲ್ಲಿ ಪ್ರಾಂತ್ಯದ ಗೋರಿ ಕಲ್ಲುಗಳ ಬರಹಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಹೀಗಿದ್ದೂ ಕೊಯಮತ್ತೂರಿನ ಹೆಸರಾಂತ ಕಲೆಕ್ಟರ್, ಉದಕಮಂಡಲವನ್ನು ಕಟ್ಟಿದ ಜಾನ್ ಸಲಿವನ್ ಎಲ್ಲಿ ಮಣ್ಣಾದ ಎಂಬುದು ನೀಲಗಿರಿಯ ಜನಕ್ಕೆ ಬಹುಕಾಲ ತಿಳಿದಿರಲಿಲ್ಲ. ಅವನ ಹೆಂಡತಿ ಮತ್ತು ಮಗಳ ಗೋರಿಗಳು ಊಟಿಯ ಸೇಂಟ್ ಸ್ಟೀಫನ್ ಚರ್ಚಿನ ಅಂಗಳದಲ್ಲಿವೆ. ಅವನು ಮಾತ್ರ 1855ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ. ನೀಲಗಿರಿಯ ಇತಿಹಾಸದ ಆಸಕ್ತರು ಬೆನ್ನು ಹತ್ತಿ, ಸ್ಲೌ ಬಳಿಯ ಅಪ್ಟನ್ನಿನ ಸೇಂಟ್ ಲಾರೆನ್ಸ್ ಚರ್ಚಿನಲ್ಲಿ ಅವನ ಸಮಾಧಿಯನ್ನು ಗುರುತಿಸಿದರು. ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಮಲಗಿರುವುದೂ ಅದೇ ಚರ್ಚಿನಲ್ಲಿ.

ಆ ಕಲೆಕ್ಟರ್ ಆಳಿದ ಜಿಲ್ಲೆಯಿಂದ ಕಡಲು ದಾಟಿ ಕೂಲಿಗೆ ಹೋದವರ ಕತೆ ಇನ್ನೂ ಉದ್ದ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನಟಾಲಿಗೆ ಒಪ್ಪಂದದ ಮೇಲೆ ಹೋದ ಭಾರತೀಯರು 1,52,184 ಮಂದಿ. ಅವರಲ್ಲಿ ಹೆಚ್ಚಿನವರು ಹಡಗು ಹತ್ತಿದ್ದು ಮದ್ರಾಸಿನಲ್ಲಿ. ಆ ಹಡಗುಗಳ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ ಬರೆದಿದೆ. ಊರಿನಲ್ಲಿ ‘ಸಂತೆಗೆ ಹೋದವನು ಬರಲಿಲ್ಲ’ ಎಂದು ಮುಗಿದುಹೋದ ಮಾತು ಡರ್ಬನ್ನಿನ ಒಂದು ಸಾಲಿನಲ್ಲಿ ಮುಂದುವರಿದಿರಬಹುದು. ಅಲ್ಲಿಂದ ಇಲ್ಲಿಗೆ ಬೇರು ಹುಡುಕಿ ಬರುವವರಿಗೂ ಅದೇ ಎಚ್ಚರಿಕೆ ಸಲ್ಲುತ್ತದೆ: ಪಟ್ಟಿಯಲ್ಲಿ ಕೊಯಮತ್ತೂರು ಎಂದಿದ್ದ ಮಾತ್ರಕ್ಕೆ ಅವರ ಹಿರಿಯರು ತಮಿಳು ನಾಡಿನವರೇ ಆಗಬೇಕಿಲ್ಲ. ತಾಲ್ಲೂಕಿನ ಕಲಮಿನಲ್ಲಿ ಕೊಳ್ಳೇಗಾಲ ಎಂದಿದ್ದರೆ ಬರಬೇಕಾದದ್ದು ಕರ್ನಾಟಕಕ್ಕೆ.

ಕೆಲವರ ಸಾವಿನ ಜಾಗ ಎಲ್ಲರಿಗೂ ಗೊತ್ತು. ಚೆನ್ನಿಮಲೈಯ ನೇಕಾರರ ಮನೆಯಲ್ಲಿ 1904ರಲ್ಲಿ ಹುಟ್ಟಿದ ಕುಮಾರನ್, 1932ರ ಜನವರಿಯಲ್ಲಿ ತಿರುಪ್ಪೂರಿನ ಬೀದಿಯಲ್ಲಿ ಸ್ವಾತಂತ್ರ್ಯ ಚಳವಳಿಯ ಬಾವುಟ ಹಿಡಿದು ನಡೆದು, ಪೊಲೀಸರ ಲಾಠಿಗೆ ತಲೆಯೊಡ್ಡಿ, ಬಾವುಟ ಬಿಡದೆ ಪ್ರಾಣ ಬಿಟ್ಟ. ಅವನ ಹೆಸರಿಗೇ ತಿರುಪ್ಪೂರು ಅಂಟಿಕೊಂಡಿತು. ಊರಲ್ಲದ ಊರಿನಲ್ಲಿ ಸತ್ತು ಆ ಊರಿನವನೇ ಆದ.

ಉಳಿದವರಿಗೆ ನೊಯ್ಯಲ್ ಹೊಳೆಯಿದೆ. ಕೊಯಮತ್ತೂರಿನ ಪಶ್ಚಿಮಕ್ಕೆ ಪೇರೂರಿನ ಪಟ್ಟೀಶ್ವರನ ಸನ್ನಿಧಿಯಲ್ಲಿ ಪ್ರಾಣ ಬಿಡುವವರು ಬಲಗಿವಿಯನ್ನು ಮೇಲೆ ಮಾಡಿ ಮಲಗುತ್ತಾರೆ, ಶಿವನೇ ಬಂದು ಕಿವಿಯಲ್ಲಿ ಮಂತ್ರ ಹೇಳುತ್ತಾನೆ ಎಂದು ಅಲ್ಲಿಯವರ ನಂಬಿಕೆ. ಹೊಳೆಗೆ ಬಿಟ್ಟ ಅಸ್ಥಿ ಬಿಳಿಯ ಕಲ್ಲಾಗುತ್ತದೆ ಎಂದೂ ಹೇಳುತ್ತಾರೆ. ಸುತ್ತಲಿನ ಜಿಲ್ಲೆಗಳವರು ಆಡಿ ಅಮಾವಾಸ್ಯೆಯಂದು ಇಲ್ಲಿಗೆ ಬಂದು ಎಳ್ಳುನೀರು ಬಿಡುತ್ತಾರೆ. ಪೇರೂರಿನಲ್ಲಿ ಒಂದು ವೀರಶೈವ ಮಠವೂ ಇದೆ. ಅದರ ಗುರು ಶಾಂತಲಿಂಗರ ಶಿಷ್ಯ ಕುಮಾರದೇವರು ಕನ್ನಡ ನಾಡಿನಲ್ಲಿ ಆಳುತ್ತಿದ್ದ ದೊರೆ, ಎಲ್ಲವನ್ನೂ ಬಿಟ್ಟು ಬಂದವರು, ವೃದ್ಧಾಚಲದಲ್ಲಿ ಸಮಾಧಿಯಾದವರು ಎಂದು ಪರಂಪರೆ ಹೇಳುತ್ತದೆ. ಸತ್ತ ದಿನ ಗೊತ್ತಿಲ್ಲದವರಿಗೆಲ್ಲ ಸೇರಿಸಿ ಮಹಾಲಯ ಅಮಾವಾಸ್ಯೆ ಇಟ್ಟ ನಮ್ಮ ಹಿರಿಯರಿಗೆ, ದಾಖಲೆ ಕೈಕೊಡುವ ದಿನ ಬರುತ್ತದೆಂಬುದು ಗೊತ್ತಿತ್ತು.

ಆದರೂ ಇರುವ ದಾಖಲೆಯನ್ನು ಕೈಬಿಡುವಂತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು, ಶುಲ್ಕ ಕಟ್ಟಿದ ಯಾರಿಗೇ ಆದರೂ ರಿಜಿಸ್ಟರಿನಲ್ಲಿ ಹುಡುಕಿಸಿ ಮರಣದ ನಕಲು ಪಡೆಯುವ ಹಕ್ಕು ಕೊಡುತ್ತದೆ. ಹೋಗುವ ಮುನ್ನ ನಾಲ್ಕು ಸಂಗತಿ ಚೀಟಿಯಲ್ಲಿ ಬರೆದುಕೊಂಡಿರಬೇಕು: ಮನೆಯಲ್ಲಿ ಮಾಡುವ ತಿಥಿ ಮತ್ತು ಅದಕ್ಕೆ ಸರಿಯಾದ ಇಂಗ್ಲಿಷ್ ತಾರೀಖು, ಆ ವರ್ಷ ಆ ಹಳ್ಳಿ ಇದ್ದ ತಾಲ್ಲೂಕು, ಹೆಸರಿನ ತಮಿಳು ರೂಪ, ತಂದೆ ಅಥವಾ ಗಂಡನ ಹೆಸರು. ಸಿಗದಿದ್ದರೆ ಸಿಗಲಿಲ್ಲ ಎಂಬ ಪತ್ರವನ್ನಾದರೂ ಬರೆಸಿಕೊಂಡು ಬರಬೇಕು. ಮುಂದಿನ ಕೋರ್ಟಿನ ಕೆಲಸಕ್ಕೆ ಅದೂ ಬೇಕಾಗುತ್ತದೆ. 1860ರ ದಶಕದಿಂದ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಉಳಿದ ಪಾಲುಪತ್ರಗಳು, ಚೆನ್ನೈ ಎಗ್ಮೋರಿನ ತಮಿಳುನಾಡು ಆರ್ಕೈವ್ಸ್‌ನಲ್ಲಿರುವ ಕೊಯಮತ್ತೂರು ಜಿಲ್ಲೆಯ ಕಡತಗಳು ಆಮೇಲಿನ ಮೆಟ್ಟಿಲುಗಳು.

ಸರ್ಕಾರಗಳಿಗೂ ಒಂದು ಮಾತು. ಕೊಳ್ಳೇಗಾಲ ಕರ್ನಾಟಕಕ್ಕೆ ಬಂದು ಏಳು ದಶಕಗಳಾಗುತ್ತಿವೆ. 1956ಕ್ಕೆ ಮೊದಲಿನ ಮರಣ ರಿಜಿಸ್ಟರುಗಳು ಎರಡು ರಾಜ್ಯಗಳ ಯಾವ ಯಾವ ಕಚೇರಿಗಳಲ್ಲಿ ಉಳಿದಿವೆಯೋ ಅವನ್ನು ಗೆದ್ದಲು ತಿನ್ನುವ ಮುಂಚೆ ಚಿತ್ರ ತೆಗೆಸಿ, ಹೆಸರುಗಳ ಸೂಚಿಯನ್ನು ಕನ್ನಡ ಮತ್ತು ತಮಿಳು ಎರಡರಲ್ಲೂ ಮಾಡಿಸಿ, ಎರಡೂ ಕಡೆಯ ಜನಕ್ಕೆ ತೆರೆದಿಡಬೇಕು. ಓದುಗರು ಮಾಡಬಹುದಾದ ಕೆಲಸ ಅದಕ್ಕಿಂತ ಸುಲಭ, ಅದನ್ನು ಈ ವಾರವೇ ಮಾಡಬಹುದು: ಮನೆಯ ಹಿರಿಯರ ಪಕ್ಕ ಕೂತು, ಅವರ ತಂದೆ ತಾಯಿ ಯಾವ ಊರಿನಲ್ಲಿ, ಯಾವ ತಿಥಿಯಂದು ತೀರಿಕೊಂಡರು ಎಂದು ಕೇಳಿ, ಅವರ ಮಾತಿನಲ್ಲೇ ಬರೆದು, ಕೆಳಗೆ ಇಂದಿನ ತಾರೀಖು ಹಾಕಿಡಿ.